ಹಿಂದಕ್ಕೆ ಹೋಗದ ಗಾಡಿ

ಎರಡು ಟ್ರೇಲರ್ ಕಟ್ಟಿದ ಲಾರಿಯನ್ನು ಹಿಂದಕ್ಕೆ ತೆಗೆಯಲು ಆಗುವುದಿಲ್ಲ ಎಂಬುದು ಪರೀಕ್ಷೆ ಬರೆದ ದಿನದಿಂದಲೂ ನನಗೆ ಗೊತ್ತಿತ್ತು. ಅದು ಮನವರಿಕೆಯಾದದ್ದು ಮಾತ್ರ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಹೊರವಲಯದ ಗೋದಾಮುಗಳ ಬೀದಿಯೊಂದರ ತುದಿಯಲ್ಲಿ, ರಾತ್ರಿ ಎರಡು ಗಂಟೆಗೆ, ಮೂಗಿನ ಮುಂದೆ ತಂತಿಬೇಲಿ ಬಂದು ನಿಂತಾಗ.

ಅಲ್ಲಿ ಡಬಲ್ ಟ್ರೇಲರ್ ಪರವಾನಗಿಗೆ ಬರಿಯ ಲಿಖಿತ ಪರೀಕ್ಷೆ. ಜೋಡಿ ಗಾಡಿಯನ್ನು ಓಡಿಸಿ ತೋರಿಸಬೇಕಾಗಿಲ್ಲ. ಉರು ಹೊಡೆದೇ ಡಿಗ್ರಿ ದಾಟಿದ ನನಗೆ ಹೇಳಿ ಮಾಡಿಸಿದಂತಿತ್ತು. ನಿಜವಾದ ಪಾಠ ಹೇಳಿದವರು ಒಬ್ಬ ಪಂಜಾಬಿ ಹಿರಿಯರು. (ಫ್ರೆಸ್ನೊ ಇರುವ ಕಣಿವೆಯಲ್ಲಿ ಲಾರಿ ನಿಲ್ಲುವ ಕಡೆಯಲ್ಲೆಲ್ಲ ಪರಾಠ ಸಿಗುತ್ತದೆ, ಜೋಳದ ರೊಟ್ಟಿ ಸಿಗುವುದಿಲ್ಲ.) “ಪುತ್ತರ್, ಭಾರದ್ದು ಮುಂದೆ, ಹಗುರದ್ದು ಹಿಂದೆ. ಸ್ಟೇರಿಂಗ್ ಒಮ್ಮೆ ಜಗ್ಗಿದರೆ ಬಾಲದ ಡಬ್ಬಿ ಚಾಟಿಯ ತುದಿಯಂತೆ ಬೀಸುತ್ತದೆ” ಎನ್ನುತ್ತಿದ್ದರು. 28 ಅಡಿಯ ಎರಡು ಡಬ್ಬಿ, ನಡುವೆ ಡಾಲಿ. ಹೆಸರು ಕೇಳಿ ಗೊಂಬೆ ಎಂದುಕೊಳ್ಳಬೇಡಿ. ಎರಡು ಬದಿಗೆ ಗಾಲಿ, ಮುಂದೊಂದು ಮೂಕಿ, ನೆತ್ತಿಯ ಮೇಲೆ ಹಿಂದಿನ ಡಬ್ಬಿಯ ಮುಂಭಾಗ ಕೂರಲು ಗ್ರೀಸ್ ಬಳಿದ ತಟ್ಟೆ ಇರುವ, ಒಂದು ಟನ್ನಿಗೂ ಮಿಕ್ಕಿದ ಕಬ್ಬಿಣ. ಆ ತಟ್ಟೆಗೆ ‘ಫಿಫ್ತ್ ವೀಲ್’, ಅಂದರೆ ಐದನೆಯ ಚಕ್ರ ಎಂದು ಹೆಸರು. ಅದು ಚಕ್ರವೂ ಅಲ್ಲ, ನಮ್ಮ ಗಾಡಿಯಲ್ಲಿ ಅದು ಐದನೆಯದೂ ಅಲ್ಲ.

ಬೇಲಿಯ ಮುಂದೆ ನಿಂತು ಮೊಬೈಲಿನ ನಕ್ಷೆಯನ್ನು ನೋಡಿದೆ. ‘ಯು ತಿರುವು ಪಡೆಯಿರಿ’ ಎಂದು ಆ ಹೆಂಗಸು ಸಮಾಧಾನವಾಗಿ ಹೇಳಿದಳು. ಮೂರು ಕಡೆ ಬಾಗುವ ಗಾಡಿಯ ಕಷ್ಟ ಅವಳಿಗೇನು ಗೊತ್ತು?

ಬೇರೆ ದಾರಿಯಿರಲಿಲ್ಲ, ಜೋಡಿಯನ್ನು ಬಿಚ್ಚಬೇಕಾಯಿತು. ಹಿಂದಿನ ಡಬ್ಬಿಯ ಕಾಲುಗಳನ್ನು ಹಿಡಿಕೆ ತಿರುಗಿಸಿ ನೆಲಕ್ಕೆ ಊರಿದೆ. ಮುಂದಿನ ಡಬ್ಬಿಯ ಬೆನ್ನಿಗಿರುವ ಗಾಳಿಯ ಕವಾಟಗಳನ್ನು ಮುಚ್ಚಿ, ಕೊಳವೆ, ವಿದ್ಯುತ್ ತಂತಿ ಎಲ್ಲ ಕಳಚಿದೆ. ಡಾಲಿಯ ಮೂಕಿಯನ್ನು ಮುಂದಿನ ಡಬ್ಬಿಗೆ ಹಿಡಿದಿರುವ ಕೊಕ್ಕೆಗೆ ಕೈ ಹಾಕುವಷ್ಟರಲ್ಲಿ ಹಿರಿಯರ ಇನ್ನೊಂದು ಮಾತು ನೆನಪಾಯಿತು: ಡಾಲಿ ಡಬ್ಬಿಯ ಅಡಿಯಲ್ಲಿರುವಾಗ ಕೊಕ್ಕೆ ತೆಗೆದರೆ ಮೂಕಿ ಮೇಲಕ್ಕೆ ಚಿಮ್ಮಬಹುದು, ಗದ್ದ ಉಳಿಯುವುದಿಲ್ಲ. ಗದ್ದ ಸವರಿಕೊಂಡು ಮೊದಲು ಡಾಲಿಯನ್ನು ಹೊರಗೆಳೆದೆ. ಆಮೇಲೆ ಒಂದೊಂದೇ ಡಬ್ಬಿಯನ್ನು ಒಯ್ದು, ಗೋದಾಮಿನ ಅಂಗಳದಲ್ಲಿ ತಿರುಗಿಸಿ ದೊಡ್ಡ ರಸ್ತೆಯ ಬದಿಗೆ ಸೇರಿಸಿದೆ. ಗೋದಾಮಿನ ಕಾವಲುಗಾರ ಕುರ್ಚಿ ತಂದು ಕೂತಿದ್ದ. ನಾಟಕಕ್ಕೆ ಬಂದವನಂತೆ ಕೈಯಲ್ಲಿ ಕಾಫಿ ಬೇರೆ.

ಮತ್ತೆ ಜೋಡಣೆ. ಹಿಂದಿನ ಡಬ್ಬಿಯ ಎತ್ತರ ಡಾಲಿಯ ತಟ್ಟೆಗಿಂತ ತುಸು ತಗ್ಗಿರಬೇಕು, ತಟ್ಟೆ ಒಳನುಗ್ಗುವಾಗ ಡಬ್ಬಿಯನ್ನು ಒಂದಿಷ್ಟು ಎತ್ತುವಂತೆ. ತೀರಾ ಎತ್ತರವಿದ್ದರೆ ಕಿಂಗ್‌ಪಿನ್, ಅಂದರೆ ಡಬ್ಬಿಯ ಅಡಿಯಲ್ಲಿರುವ ಉಕ್ಕಿನ ಗೂಟ, ತಟ್ಟೆಯ ಬೀಗಕ್ಕೆ ಸಿಗದೆ ಹೋಗುತ್ತದೆ. ಟಾರ್ಚ್ ಹಿಡಿದು ಅಡಿಗೆ ನುಸುಳಿ, ತಟ್ಟೆಗೂ ಡಬ್ಬಿಗೂ ನಡುವೆ ಸಂದಿಲ್ಲ, ಬೀಗದ ದವಡೆ ಕಿಂಗ್‌ಪಿನ್ನನ್ನು ಕಚ್ಚಿದೆ ಎಂದು ಕಣ್ಣಾರೆ ಕಂಡೆ. ಸರಪಳಿ ಬಿಗಿದೆ. ಕೊನೆಗೆ ಬಾಲದ ತುದಿಗೆ ನಡೆದು ಅಲ್ಲಿನ ಕವಾಟ ತೆರೆದು ಕಿವಿ ಕೊಟ್ಟೆ. ಅಲ್ಲಿ ‘ಬುಸ್’ ಎಂದರೆ ಬ್ರೇಕಿನ ಗಾಳಿ ತುದಿಯವರೆಗೂ ತಲುಪಿದೆ ಎಂದರ್ಥ.

ಬುಸ್ ಎನ್ನಲಿಲ್ಲ.

ಕಂಪ್ರೆಸರ್, ಕೊಳವೆ, ಡಾಲಿ ಮಾಡಿದವರು, ಎಲ್ಲರನ್ನೂ ಬೈದೆ. ಹಿರಿಯರಿಗೆ ಫೋನ್ ಮಾಡಿದರೆ ನಿದ್ದೆಗಣ್ಣಿನಲ್ಲಿಯೇ, “ನಡುವಿನ ಕವಾಟ ಮುಚ್ಚಿದವರು ಯಾರು, ಪುತ್ತರ್?” ಎಂದು ಕೇಳಿ ಇಟ್ಟುಬಿಟ್ಟರು. ಮುಚ್ಚಿದವನು ನಾನೇ. ತೆರೆದೆ, ಬುಸ್ಸೆಂದಿತು. ಕಾವಲುಗಾರ ಚಪ್ಪಾಳೆ ತಟ್ಟಿದ.

ಮುಧೋಳದಲ್ಲಿ ಆಗ ಮಧ್ಯಾಹ್ನ ದಾಟಿತ್ತು. ಕಾರ್ಖಾನೆಗೆ ಎರಡು ಡಬ್ಬಿ ಕಬ್ಬು ಕಳಿಸಿ ಊಟಕ್ಕೆ ಕೂತಿದ್ದ ಅಪ್ಪನಿಗೆ ಎಲ್ಲವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ತಮ್ಮಾ, ಇಕ್ಕಟ್ಟಿನ ಓಣಿಯಲ್ಲಿ ಚಕ್ಕಡಿ ಸಿಕ್ಕಿಕೊಂಡರೆ ನಿನ್ನ ಅಜ್ಜನೂ ಎತ್ತು ಬಿಚ್ಚಿ, ಗಾಡಿ ತಿರುಗಿಸಿ, ಮತ್ತೆ ಎತ್ತು ಕಟ್ಟುತ್ತಿದ್ದ” ಎಂದರು. “ಅವನಿಗೆ ಯಾರೂ ಪರೀಕ್ಷೆ ಮಾಡಿರಲಿಲ್ಲ.”