ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹಾಗೇ ಇದೆ

ವರ್ಷಗಟ್ಟಲೆ ಕಿಬ್ಬೊಟ್ಟೆ ನೋವು ಅನುಭವಿಸುತ್ತಿರುವವರು ಬರೆದ ಚಿತ್ರಗಳನ್ನು ಇವತ್ತು ನೋಡಿ ಬಂದೆ. ಎಷ್ಟು ಖುಷಿಯಾಯಿತೋ ಅಷ್ಟೇ ಸಿಟ್ಟೂ ಬಂತು. ಒಂದು ಹಾಳೆಯಲ್ಲಿ ದೇಹದ ಬರೀ ಹೊರಗೆರೆ. ಹೊಕ್ಕುಳ ಕೆಳಗೆ ಕೆಂಪು ಬಣ್ಣವನ್ನು ಎಷ್ಟು ಒತ್ತಿ ತೀಡಿದ್ದಾರೆ ಅಂದರೆ ಕಾಗದವೇ ಹರಿದಿದೆ. ಅಲ್ಲಿಂದ ಒಂದು ಕಪ್ಪು ಗೆರೆ ತೊಡೆಯೊಳಗೆ ಇಳಿದು ಮಂಡಿ ಹತ್ತಿರ ನಿಂತಿದೆ. ನನ್ನ ನೋವು ಇಳಿಯುವ ದಾರಿಯೂ ಅದೇ. ಡಾಕ್ಟರ್ ಮುಂದೆ ಅದನ್ನು ಹೇಳೋಕೆ ಹೋಗಿ ಪ್ರತಿ ಸಲ ತಡವರಿಸುತ್ತೇನೆ.

ನನ್ನದೂ ಇದೇ ಕಥೆ. 'ಸ್ಕ್ಯಾನ್ ನಾರ್ಮಲ್ ಇದೆ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ' ಅನ್ನುವುದನ್ನು ಕೇಳಿ ಕೇಳಿ ಸಾಕಾಗಿದೆ. ಸ್ಕ್ಯಾನಲ್ಲಿ ಕಾಣಲಿಲ್ಲ ಅಂದರೆ ನೋವೇ ಇಲ್ಲ ಅಂತಾನಾ? ಇಂಥ ನೋವಿಗೆ ಒಂದು ಕಾರಣ ಎಂಡೊಮೆಟ್ರಿಯೋಸಿಸ್ ಅನ್ನೋ ಕಾಯಿಲೆ. ಅದರಲ್ಲಿ ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯುತ್ತದೆ. ಸಣ್ಣದಾಗಿದ್ದರೆ ಮಾಮೂಲಿ ಸ್ಕ್ಯಾನಿಗೆ ಸಿಗದೇ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ ಸುಮಾರು 19 ಕೋಟಿ ಹೆಂಗಸರು, ಹುಡುಗಿಯರಿಗೆ ಇದಿದೆ. ಕೆಲವರಿಗೆ ನೋವು ಮೂತ್ರಕೋಶದ್ದು. ಇನ್ನು ಕೆಲವರಿಗೆ ಸೊಂಟದ ತಳದ ಸ್ನಾಯುಗಳು ಸದಾ ಬಿಗಿದುಕೊಂಡಿರುತ್ತವೆ. ಕಿಬ್ಬೊಟ್ಟೆ ನೋವು ಗಂಡಸರಿಗೂ ಬರುತ್ತದೆ.

'ಒಂದರಿಂದ ಹತ್ತರೊಳಗೆ ಎಷ್ಟು ನೋವು?' ಅಂತ ಕೇಳುತ್ತಾರೆ. ಏಳು ಅಂದರೆ ಏಳು ಅಂತ ಬರೆದುಕೊಳ್ಳುತ್ತಾರೆ. ಕೂತರೆ ಜಾಸ್ತಿಯಾಗೋದು, ನಡುರಾತ್ರಿ ಎಚ್ಚರವಾಗೋದು, ಗಂಡ ಹತ್ತಿರ ಬಂದರೆ ಮೈ ಸೆಟೆದುಕೊಳ್ಳೋದು, ಇದೆಲ್ಲ ಆ ಏಳರಲ್ಲಿ ಎಲ್ಲಿದೆ? ಆ ಚಿತ್ರಗಳಲ್ಲಿತ್ತು. ಪಕ್ಕದಲ್ಲಿ ಅವರವರೇ ಬರೆದಿಟ್ಟ ನಾಲ್ಕು ಸಾಲಿನ ಕಥೆಗಳಲ್ಲೂ ಇತ್ತು.

ಮೆಕ್ಸಿಕೋದ ಚಿತ್ರಕಲಾವಿದೆ ಫ್ರೀಡಾ ಕಾಹ್ಲೋ ನೆನಪಾದರು. 1925ರ ಬಸ್ ಅಪಘಾತದಲ್ಲಿ ಕಬ್ಬಿಣದ ಕಂಬಿಯೊಂದು ಅವರ ಸೊಂಟದೊಳಗೆ ಹೊಕ್ಕಿತ್ತು. 1944ರಲ್ಲಿ ತಮ್ಮನ್ನೇ ಬರೆದುಕೊಂಡರು. ಮೈತುಂಬ ಮೊಳೆ, ಬೆನ್ನುಮೂಳೆ ಇರಬೇಕಾದಲ್ಲಿ ಒಡೆದ ಕಂಬ. ಅದರ ಮುಂದೆ ನಿಂತು ನೋವು ನಿಜಾನಾ ಅಂತ ಯಾರಾದರೂ ಕೇಳ್ತಾರಾ?

'ಇಂಥದ್ದನ್ನೆಲ್ಲ ಗೋಡೆಗೆ ತೂಗುಹಾಕಬೇಕಾ?' ಅಂತ ಅಲ್ಲೇ ಯಾರೋ ಅಂದರು. ಹಾಕಬೇಕು. ಮುಚ್ಚಿಟ್ಟಿದ್ದಕ್ಕೇ ಇಷ್ಟು ಜನ ಒಳಗೊಳಗೇ ನರಳುತ್ತಿರೋದು. ಚಿತ್ರ ಬರೆದರೆ ನೋವು ಹೋಗುತ್ತಾ ಅಂದರೆ, ಹೋಗಲ್ಲ. ಮಾತ್ರೆ, ಫಿಸಿಯೋಥೆರಪಿ, ಕೆಲವರಿಗೆ ಆಪರೇಷನ್ ಕೂಡ ಬೇಕಾಗುತ್ತದೆ. ಆದರೆ ಎದುರಿಗೆ ಕೂತವರು ಮೊದಲು ನಂಬಬೇಕಲ್ವಾ? ಎಂಡೊಮೆಟ್ರಿಯೋಸಿಸ್ ಅಂತ ಗೊತ್ತಾಗೋಕೇ ಸರಾಸರಿ 4ರಿಂದ 12 ವರ್ಷ ಹಿಡಿಯುತ್ತದಂತೆ. ಒಂದು ಚಿತ್ರ ನೋಡಿ ಒಬ್ಬ ಹುಡುಗಿಗೆ ಅದರಲ್ಲಿ ಎರಡು ವರ್ಷ ಉಳಿದರೂ ನನಗೆ ಸಾಕು.