ಯಾರ ಮೊಳ?

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆಗೆ ಇವತ್ತಿಗೂ ಮೊಳದ ಲೆಕ್ಕ. ಮೊಣಕೈಯಿಂದ ಬೆರಳ ತುದಿವರೆಗೆ ಒಂದು ಮೊಳ. ಸರಿ, ಯಾರ ಕೈ? ಅಮ್ಮನಿಗೆ ಈ ವಿಷಯದಲ್ಲಿ ಗೊಂದಲವೇ ಇರಲಿಲ್ಲ. "ಆ ಗಿಡ್ಡನ ಹತ್ರ ಬೇಡ, ಪಕ್ಕದ ಉದ್ದ ಕೈಯವನ ಹತ್ರ ತಗೋ" ಎಂದು ಹೇಳಿಯೇ ಕಳಿಸುತ್ತಿದ್ದಳು. ಉದ್ದ ಕೈಯವನೇನು ಕಡಿಮೆಯೇ? ಅಳೆಯುವಾಗ ಬೆರಳು ಮಡಚಿಕೊಳ್ಳುತ್ತಿದ್ದ!

ಈ ಜಾಗಕ್ಕೂ ಅಳತೆಗೂ ಮೊದಲಿಂದ ಅಷ್ಟಕ್ಕಷ್ಟೇ. ಕಾವೇರಿ ನೀರನ್ನು ಊರಿಗೆ ತರಬೇಕೆಂದು ದಿವಾನ್ ಪೂರ್ಣಯ್ಯನವರು ನಾಲೆ ತೋಡಿಸಿದರು. ನೀರು ಬರಲೇ ಇಲ್ಲ. ಅಳೆದವರ ಮೊಳ ಗಿಡ್ಡವಿತ್ತೋ ಏನೋ. ಮುಂದೆ ನಾಲೆ ಮುಚ್ಚಿ ಸಯ್ಯಾಜಿ ರಾವ್ ರಸ್ತೆ ಆಯಿತು. ಅದರ ಮಗ್ಗುಲಲ್ಲೇ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಈ ಮಾರುಕಟ್ಟೆ ಎದ್ದಿತು. ಹೆಸರು ಮಾತ್ರ ಹಳೇ ದೊರೆ ದೊಡ್ಡ ದೇವರಾಜ ಒಡೆಯರದು. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು ಕಟ್ಟಿಸಿದವರು ಅವರೇ ಅಂತಾರೆ. ಬೆಟ್ಟಕ್ಕೆ ಬೇಕಾದ ಕಾಯಿ, ಹೂವು, ಕರ್ಪೂರವೆಲ್ಲ ಇಲ್ಲೇ ಸಿಗುತ್ತವೆ. ಒಳ್ಳೇ ಜೋಡಿ ಅಲ್ವಾ?

ಚಿಕ್ಕ ಗಡಿಯಾರದ ಗೋಪುರದ ಕಡೆಯಿಂದ ಒಳಗೆ ಹೋದರೆ ಮೊದಲು ಕಣ್ಣಿಗಿಂತ ಮೂಗು ಎಚ್ಚರಾಗುತ್ತದೆ. ಮಲ್ಲಿಗೆ, ಊದುಬತ್ತಿ, ಅತ್ತರು, ನಡುವೆ ಕೊಳೆತ ಕೊತ್ತಂಬರಿ. ತಟ್ಟೆಗಳಲ್ಲಿ ಗೋಪುರದಂತೆ ಒಟ್ಟಿದ ಕುಂಕುಮದ ರಾಶಿ. ಪ್ರವಾಸಿಗರು ಅದರ ಫೋಟೋ ತೆಗೆಯುತ್ತಾರೆ, ಕೊಳ್ಳುವವರು ಕಮ್ಮಿ. ಆಮೇಲೆ ಚಿಗುರು ವೀಳ್ಯದೆಲೆಯ ಕಟ್ಟುಗಳು, ಬಾಳೆಗೊನೆಗಳ ಸಾಲು. ಅಲ್ಲಿ ನಂಜನಗೂಡಿನ ರಸಬಾಳೆ ಕೇಳಿ ನೋಡಿ. ಎಲ್ಲರೂ ಇದೆ ಅಂತ ತಲೆ ಅಲ್ಲಾಡಿಸುತ್ತಾರೆ. ಮನೆಗೆ ಹೋಗಿ ಸಿಪ್ಪೆ ಸುಲಿದ ಮೇಲೆ ಸತ್ಯ ಗೊತ್ತಾಗುತ್ತದೆ.

2016ರ ಆಗಸ್ಟಿನಲ್ಲಿ ರಿಪೇರಿ ನಡೆಯುತ್ತಿದ್ದಾಗಲೇ ಧನ್ವಂತರಿ ರಸ್ತೆ ಕಡೆಯ ಹೆಬ್ಬಾಗಿಲು ಕುಸಿಯಿತು. ಇಡೀ ಮಾರುಕಟ್ಟೆ ಕೆಡವಿ ಹೊಸದು ಕಟ್ಟೋಣ ಅಂತ ಕೆಲವರು, ಉಳಿಸೋಣ ಅಂತ ಕೆಲವರು. ಜಗಳ ಕೋರ್ಟಿನ ತನಕ ಹೋಯಿತು. ಗೋಡೆಗೆ ಎಷ್ಟು ಶಕ್ತಿ ಉಳಿದಿದೆ ಅಂತ ತಜ್ಞರು ಬಂದು ಪರೀಕ್ಷೆ ಮಾಡಿದರು. ಒಬ್ಬೊಬ್ಬರದು ಒಂದೊಂದು ಲೆಕ್ಕ. ಮತ್ತೆ ಅದೇ ಮೊಳದ ಕಥೆ.

ಮೊನ್ನೆ ಗೌರಿ ಹಬ್ಬಕ್ಕೆ ಹೂವು ತರಲು ಹೋಗಿದ್ದೆ. ಗಿಡ್ಡನೂ ಇಲ್ಲ, ಉದ್ದ ಕೈಯವನೂ ಇಲ್ಲ. ಮೀಸೆ ಚಿಗುರದ ಹುಡುಗನೊಬ್ಬ ಕೂತಿದ್ದ. ಹಲಗೆ ಮೇಲೆ ಎರಡು ಗೀಟು ಎಳೆದಿತ್ತು. ಮಾಲೆಯನ್ನು ಅದಕ್ಕೆ ಹಿಡಿದು ಅಳೆದ.

"ಇದು ಯಾರ ಮೊಳಾನಪ್ಪ?" ಎಂದೆ.

"ನಮ್ಮ ತಾತಂದು ಸಾರ್."

ತಾತ ಎಷ್ಟೆತ್ತರ ಇದ್ದರು ಅಂತ ಕೇಳಬೇಕೆನಿಸಿತು. ಸುಮ್ನೆ ದುಡ್ಡು ಕೊಟ್ಟು ಬಂದೆ.