ಸಹಾಯಾರ್ಥ ಚಿತ್ರಪ್ರದರ್ಶನ: ಮಾರಿದ ಹಣವೆಲ್ಲ ನಿಧಿಗೇ ಹೋಗಬೇಕೇ?

ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಚಿಕಿತ್ಸೆಗೆ, ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳ ಬಡ್ಸ್ ಶಾಲೆಗಳಿಗೆ, ನೆರೆ ಪರಿಹಾರಕ್ಕೆ ಎಂದೆಲ್ಲ ಕಾಸರಗೋಡಿನ ಕಲಾವಿದರನ್ನು ಚಿತ್ರ ಕೇಳುವುದು ರೂಢಿ. ಇಂಥ ಪ್ರದರ್ಶನದಲ್ಲಿ ಮಾರಾಟವಾದ ಕೃತಿಯ ಪೂರ್ತಿ ಹಣ ನಿಧಿಗೆ ಸಲ್ಲಬೇಕೇ, ಕಲಾವಿದನಿಗೂ ಪಾಲಿರಬೇಕೇ? ಎರಡು ಅಭಿಪ್ರಾಯಗಳು ಇಲ್ಲಿವೆ.

ಪರ: ಕೊಳ್ಳುವವನು ನಂಬಬೇಕು

ಸಹಾಯಾರ್ಥ ಪ್ರದರ್ಶನಕ್ಕೆ ಬರುವವರಲ್ಲಿ ಹೆಚ್ಚಿನವರಿಗೆ ಚಿತ್ರ ಕೊಳ್ಳುವ ಅಭ್ಯಾಸವಿಲ್ಲ. ಬ್ಯಾಂಕಿನವರು, ಅಧ್ಯಾಪಕರು, ಅಡಿಕೆ ಕೃಷಿಕರು, ಗಲ್ಫಿನಿಂದ ರಜೆಗೆ ಬಂದವರು. ಅಮೂರ್ತ ಕೃತಿಯೊಂದಕ್ಕೆ ಮನಸೋತು ಇವರು ಹತ್ತು ಸಾವಿರ ಎಣಿಸಿ ಕೊಡುವುದು ಅಪರೂಪ. ಈ ದುಡ್ಡು ಒಂದು ಮಗುವಿನ ಗಾಲಿಕುರ್ಚಿಗೋ ಫಿಸಿಯೋಥೆರಪಿಗೋ ಹೋಗುತ್ತದೆ ಎಂಬ ನಂಬಿಕೆಯಿಂದ ಕೊಡುತ್ತಾರೆ. ಆ ನಂಬಿಕೆ ಇದ್ದರೆ ಮಾತ್ರ ಪ್ರದರ್ಶನ ನಡೆಯುತ್ತದೆ.

ಇಲ್ಲಿನ ಅಗತ್ಯ ಎಂಥದ್ದು ಎಂದು ಈ ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿತು. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಆದೇಶಿಸಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಕಡೆಯ ಮನೆಗಳಲ್ಲಿ ಔಷಧದ ಖರ್ಚು ಪರಿಹಾರದ ಚೆಕ್ಕಿನೊಂದಿಗೆ ಮುಗಿದಿಲ್ಲ.

ಪಾಲು ಎಂದ ಕೂಡಲೆ ಲೆಕ್ಕ ಕವಲೊಡೆಯುತ್ತದೆ. ಒಬ್ಬರಿಗೆ ಅರ್ಧ, ಇನ್ನೊಬ್ಬರಿಗೆ ಮೂವತ್ತು ಶೇಕಡಾ, ಮತ್ತೊಬ್ಬರಿಗೆ ಚೌಕಟ್ಟಿನ ಖರ್ಚು ಮಾತ್ರ. ಕೊನೆಯ ದಿನ ರಸೀದಿ ಬರೆಯಲು ಕೂತ ಸ್ವಯಂಸೇವಕನಿಗೆ ಯಾವ ಚಿತ್ರಕ್ಕೆ ಯಾವ ಕರಾರು ಎಂದೇ ತಿಳಿಯುವುದಿಲ್ಲ. ಪೂರ್ತಿ ಹಣ ನಿಧಿಗೆ ಎಂದಾದರೆ ಕೆಲಸ ಸಲೀಸು: ಚಿತ್ರದ ಪಕ್ಕ ಮಾರಾಟವಾಯಿತೆಂಬ ಕೆಂಪು ಚುಕ್ಕಿ, ಒಂದು ರಸೀದಿ, ನಿಧಿಯ ಖಾತೆಗೆ ನೇರ ಜಮೆ. ಮುಕ್ತಾಯದ ದಿನ ಒಟ್ಟು ಮೊತ್ತವನ್ನು ಫಲಕದಲ್ಲಿ ಬರೆದು ನಿಲ್ಲಿಸಬಹುದು. ಮತ್ತೆ ಹೇಳುತ್ತೇನೆ, ಕೊಳ್ಳುವವನು ನಂಬಬೇಕು.

ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 2018ರ ಮಹಾಪ್ರಳಯದ ನಂತರ ಕೊಚ್ಚಿ ಬಿನಾಲೆ ಪ್ರತಿಷ್ಠಾನ ಕಲಾವಿದರಿಂದ ಕೃತಿ ಪಡೆದು, 2019ರ ಜನವರಿಯಲ್ಲಿ ಹರಾಜು ಸಂಸ್ಥೆಯಾದ ಸ್ಯಾಫ್ರನ್‌ಆರ್ಟ್ ಮೂಲಕ ಹರಾಜು ನಡೆಸಿತು. ಬಂದ ಹಣ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಮೀಸಲಾಗಿತ್ತು.

ಚೌಕಟ್ಟು ಮತ್ತು ಸಾಗಾಟದ ಖರ್ಚನ್ನು ಸಂಘಟಕರು ಭರಿಸಬೇಕು ಎಂಬ ವಾದಕ್ಕೆ ನನ್ನಲ್ಲಿ ಗಟ್ಟಿ ಉತ್ತರವಿಲ್ಲ. ಅದನ್ನು ಕೊಡುವುದೇ ಸರಿ. ಆದರೆ ಕಲಾವಿದನಿಗೆ ಹೊರೆಯಾಗದಂತೆ ಪೂರ್ತಿ ಹಣ ಕೊಡುವ ದಾರಿಯೂ ಇದೆ: ದೊಡ್ಡ ಕೃತಿ ಕೇಳದಿರುವುದು. 22×30 ಇಂಚಿನ ಒಂದು ಜಲವರ್ಣದ ಹಾಳೆಯಿಂದ 7×10ರ ಒಂಬತ್ತು ತುಂಡು ಬರುತ್ತದೆ. ಹಾಳೆ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಕ) ದಪ್ಪದ್ದಾದರೆ ನೀರು ಬಿದ್ದರೂ ಹೆಚ್ಚು ಸುರುಳುವುದಿಲ್ಲ. ತಲಾ ಒಂದು ತುಂಡು ಹಂಚಿ, ಎಲ್ಲಕ್ಕೂ ಒಂದೇ ಅಳತೆಯ ಚೌಕಟ್ಟನ್ನು ಒಟ್ಟಿಗೆ ಮಾಡಿಸಿ, ಎಲ್ಲಕ್ಕೂ ಒಂದೇ ಬೆಲೆ ಇಡಿ. ಸಹಿ ಹಿಂಬದಿಯಲ್ಲಿರಲಿ. ಹೆಸರು ಕಾಣದ ಕಾರಣ ಯಾರ ದರವೂ ಇಳಿಯುವುದಿಲ್ಲ. ಹೊಸಬ ಹಳಬ ಎಂಬ ಭೇದವೂ ಇರುವುದಿಲ್ಲ.

ವಿರೋಧ: ಎಲ್ಲರಿಗೂ ಕೂಲಿ, ಚಿತ್ರ ಬರೆದವನಿಗೆ ಮಾತ್ರ ಇಲ್ಲ

ನಮ್ಮೂರಿನಲ್ಲಿ ಸಹಾಯಾರ್ಥ ಯಕ್ಷಗಾನ ನಡೆಯುವ ಕ್ರಮ ನೋಡಿ. ಮೇಳಕ್ಕೆ ಒಪ್ಪಿದ ವೀಳ್ಯ ಕೊಟ್ಟು, ರಂಗಸ್ಥಳ, ಬೆಳಕು, ಊಟದ ಖರ್ಚು ಕಳೆದು, ಟಿಕೆಟಿನಲ್ಲಿ ಉಳಿದದ್ದು ರೋಗಿಯ ಚಿಕಿತ್ಸೆಗೋ ಶಾಲೆಯ ಕಟ್ಟಡಕ್ಕೋ ಸಲ್ಲುತ್ತದೆ. ಭಾಗವತರಿಗೆ ಸಂಭಾವನೆ ಕೊಟ್ಟದ್ದರಿಂದ ಆಟದ ಪುಣ್ಯ ಕಡಿಮೆಯಾಯಿತೆಂದು ಯಾರೂ ಹೇಳುವುದಿಲ್ಲ. ಚಿತ್ರಪ್ರದರ್ಶನದಲ್ಲಿ ಧ್ವನಿವರ್ಧಕದವರಿಗೆ, ಫ್ಲೆಕ್ಸ್ ಮುದ್ರಿಸಿದವರಿಗೆ, ಚಹಾ ತಿಂಡಿ ತಂದವರಿಗೆ ಅಂದೇ ಸಂಜೆ ಹಣ ಸಲ್ಲುತ್ತದೆ. ಗೋಡೆ ತುಂಬಿಸಿದವನಿಗೆ ಶಾಲು ಹೊದೆಸಿ ಕಳಿಸುತ್ತಾರೆ. ಇದು ಅನ್ಯಾಯ.

ಕೈಬಿಟ್ಟು ಹೋಗುವುದು ಎಷ್ಟು ಎಂದು ಲೆಕ್ಕ ಹಾಕೋಣ. 24×36 ಇಂಚಿನ ಒಂದು ಅಕ್ರಿಲಿಕ್ ಕೃತಿ ಎಂದಿಟ್ಟುಕೊಳ್ಳಿ. ಒಳ್ಳೆಯ ಹತ್ತಿಯ ಕ್ಯಾನ್ವಾಸಿಗೆ 1,200 ರೂಪಾಯಿ, ಬಣ್ಣಕ್ಕೆ 1,800. ಚೌಕಟ್ಟಿನ ಸುತ್ತಳತೆ ಹತ್ತಡಿ. ನಾಲ್ಕು ಮೂಲೆಗಳಲ್ಲಿ ನಲುವತ್ತೈದು ಡಿಗ್ರಿಗೆ ಕೊಯ್ಯುವಾಗ ಪಟ್ಟಿ ವ್ಯರ್ಥವಾಗುವುದರಿಂದ ಕೊಳ್ಳಬೇಕಾದದ್ದು ಹನ್ನೊಂದಡಿ. ಅಡಿಗೆ 180ರಂತೆ 1,980. ಮೂಲೆಗಾಪು, ಬಬಲ್ ಹಾಳೆ, ಬಸ್ಸಿನ ಪಾರ್ಸೆಲ್ಲಿಗೆ 500. ಒಟ್ಟು 5,480. ಇದರಲ್ಲಿ ಕೆಲಸದ ಕೂಲಿ ಸೇರಿಲ್ಲ, ಕಲಿತ ವರ್ಷಗಳೂ ಸೇರಿಲ್ಲ. ಕೆಲಸಕ್ಕೆ ಬೆಲೆ ಕಟ್ಟದಿದ್ದರೂ ಕಲಾವಿದ ಐದೂವರೆ ಸಾವಿರ ನಗದು ದೇಣಿಗೆ ಕೊಟ್ಟ ಹಾಗಾಯಿತು. ಸಭೆಗೆ ಬಂದ ಅತಿಥಿಗಳಲ್ಲಿ ಎಷ್ಟು ಮಂದಿ ಅಷ್ಟು ಕೊಡುತ್ತಾರೆ?

ಇದಕ್ಕಿಂತ ದೊಡ್ಡ ಪೆಟ್ಟು ದರದ್ದು. ಅನೇಕ ಕಲಾವಿದರು ತಮ್ಮ ಕೃತಿಗೆ ಚದರ ಇಂಚಿನ ಲೆಕ್ಕದಲ್ಲಿ ಬೆಲೆ ಇಡುತ್ತಾರೆ. ಮೇಲಿನ ಕೃತಿ 864 ಚದರ ಇಂಚು. ಇಂಚಿಗೆ 18 ರೂಪಾಯಿಯಂತೆ 15,552. ಸಹಾಯಾರ್ಥ ಹರಾಜಿನಲ್ಲಿ ಕನಿಷ್ಠ ಬೆಲೆ ಗೊತ್ತುಮಾಡದೆ ಕೂಗಿದರೆ ಅದು ನಾಲ್ಕು ಸಾವಿರಕ್ಕೆ ಹೋಗಬಹುದು. ಅಲ್ಲಿಗೆ ಇಂಚಿನ ದರ ಐದು ರೂಪಾಯಿಗಿಂತ ಕೆಳಗೆ. ಊರು ಚಿಕ್ಕದು. ಆ ಅಂಕಿ ಕೊಂಡವರ ಬಾಯಿಂದ ಬಾಯಿಗೆ ಹರಡುತ್ತದೆ. ಮುಂದಿನ ಗಿರಾಕಿ ಅದೇ ದರದಿಂದ ಚೌಕಾಸಿ ಶುರುಮಾಡುತ್ತಾನೆ. ಒಂದು ಸಂಜೆಯ ಹರಾಜಿನಿಂದ ಕುಸಿದ ದರವನ್ನು ಮೇಲೆತ್ತಲು ವರ್ಷಗಳು ಬೇಕು.

ಏಳಂಗುಲದ ಹಾಳೆ ಕೊಟ್ಟರೆ ಸಾಕೆಂದು ಎದುರು ಪಕ್ಷದ ಸಲಹೆ. ತಿಂಗಳುಗಟ್ಟಲೆ ಕ್ಯಾನ್ವಾಸಿನ ಮುಂದೆ ನಿಲ್ಲುವವನಿಗೆ ಅಂಚೆಕಾರ್ಡು ಬರೆದುಕೊಡು ಎಂದಂತಾಯಿತು ಅದು. ಸಮಕಾಲೀನ ಕಲೆಯನ್ನು ಜನರಿಗೆ ತೋರಿಸುವುದೂ ಪ್ರದರ್ಶನದ ಕೆಲಸವೇ. ಕೊಚ್ಚಿಯ ಹರಾಜಿನ ಉದಾಹರಣೆ ಕೊಡುವವರು, ಅಂಥ ಹರಾಜಿಗೆ ದೇಶದ ಸಂಗ್ರಾಹಕರು ಬರುತ್ತಾರೆ ಎಂಬುದನ್ನೂ ಹೇಳಬೇಕು. ಬದಿಯಡ್ಕದ ಸಭಾಂಗಣಕ್ಕೆ ಅವರು ಬರುವುದಿಲ್ಲ.

ತೆರಿಗೆಯ ವಿಷಯವೂ ಹೆಚ್ಚಿನವರಿಗೆ ತಿಳಿದಿಲ್ಲ. ದೇಣಿಗೆಗೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿ (80ಜಿ ಎಂದು ರೂಢಿ) ಹಣದ ರೂಪದಲ್ಲಿ ಕೊಟ್ಟರೆ ಮಾತ್ರ. ವಸ್ತುರೂಪದ ದಾನಕ್ಕೆ ಸಿಗುವುದಿಲ್ಲ, ನಗದಾದರೆ 2,000 ರೂಪಾಯಿಯ ಮಿತಿ ಇದೆ. ಹದಿನೈದು ಸಾವಿರದ ಕ್ಯಾನ್ವಾಸನ್ನೇ ಒಪ್ಪಿಸಿದವನಿಗೆ ಏನೂ ಇಲ್ಲ. ಅದೇ ಕೃತಿಯನ್ನು ಮಾರಿ, ಹಣವನ್ನು ತನ್ನ ಖಾತೆಗೆ ಪಡೆದು, ಅದರಿಂದ ಮಾನ್ಯತೆ ಪಡೆದ ಟ್ರಸ್ಟಿಗೆ ಬ್ಯಾಂಕಿನ ಮೂಲಕ ಕೊಟ್ಟರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವವನಿಗೆ ವಿನಾಯಿತಿ ಸಿಗುತ್ತದೆ. ಕೊಡುವ ಮನಸ್ಸಿದ್ದವನು ಆಗಲೂ ಕೊಡುತ್ತಾನೆ, ಎಷ್ಟು ಕೊಡಬೇಕೆಂದು ತಾನೇ ನಿರ್ಧರಿಸಿ ಕೊಡುತ್ತಾನೆ.

ಬಿಟ್ಟಿ ಬಂದ ಚಿತ್ರಕ್ಕೆ ಆರೈಕೆ ಇಲ್ಲ ಎಂಬುದು ನನ್ನನ್ನು ಹೆಚ್ಚು ನೋಯಿಸುವ ಸಂಗತಿ. ಜೂನ್ ತಿಂಗಳಲ್ಲಿ ಇಲ್ಲಿನ ಗಾಳಿಯೇ ಒದ್ದೆ. ಜಲವರ್ಣದ ಹಾಳೆಯನ್ನು ಮೌಂಟ್ ಬೋರ್ಡಿಲ್ಲದೆ (ಚಿತ್ರಕ್ಕೂ ಗಾಜಿಗೂ ನಡುವೆ ಅಂತರ ಕೊಡುವ ದಪ್ಪ ರಟ್ಟು) ನೇರ ಗಾಜಿಗೆ ಒತ್ತಿ ಚೌಕಟ್ಟು ಹಾಕಿದರೆ ಒಳಗೆ ತೇವ ಕಟ್ಟುತ್ತದೆ. ಮೊದಲು ಹಾಳೆಯ ನಡುಭಾಗ ಅಲೆಯಾಗಿ ಉಬ್ಬುತ್ತದೆ. ಆಮೇಲೆ ಗಾಜಿಗೆ ತಾಗಿದಲ್ಲೆಲ್ಲ ರಾಗಿಕಾಳಿನಷ್ಟಿನ ಬಿಳಿ ಬೂಷ್ಟು, ಅದರ ಸುತ್ತ ಕಂದು ಕಲೆ. ಬಿಡಿಸಲು ಹೋದರೆ ಗಟ್ಟಿಯಾಗಿ ಹಚ್ಚಿದ ಕಪ್ಪು, ನೀಲಿ ಗಾಜಿಗೇ ಅಂಟಿಕೊಂಡು ಬರುತ್ತದೆ. ಆಮ್ಲರಹಿತ ಮೌಂಟ್ ಬೋರ್ಡು ಹಾಕಿ, ಸೆಲ್ಲೋಟೇಪಿನ ಬದಲು ತೆಳು ಜಪಾನಿ ಕಾಗದವನ್ನು ಗಂಜಿಯ ಅಂಟಿನಿಂದ ಮೇಲಂಚಿಗೆ ಮಾತ್ರ ಅಂಟಿಸಿ ಹಾಳೆ ತೂಗುಬಿಡಬೇಕು. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗಳಿಗೆ ಕಾರ್ಕಿನ ತುಂಡಿಟ್ಟರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಜಲವರ್ಣಕ್ಕೆ 50 ಲಕ್ಸಿನಷ್ಟು ಮಂದ ಬೆಳಕು ಸಾಕು. ದುಡ್ಡು ಕೊಟ್ಟು ತಂದ ಕೃತಿಗೆ ಇಷ್ಟೂ ಮಾಡುತ್ತಾರೆ. ದಾನದ ಕೃತಿ ಪ್ರದರ್ಶನ ಮುಗಿದ ಮೇಲೆ ಯಾರದೋ ಕಚೇರಿಯ ಕಪಾಟಿನ ಹಿಂದೆ ಮಳೆಗಾಲ ಕಳೆಯುತ್ತದೆ.

ಪ್ರದರ್ಶನದ ಜತೆ ನಡೆಯುವ ಸ್ಪರ್ಧೆಗಳದ್ದೂ ಇದೇ ಕಥೆ. ಪ್ರವೇಶಶುಲ್ಕ ವಸೂಲಿ ಮಾಡಿ, ಅದರಿಂದಲೇ ಬಹುಮಾನ ಕೊಟ್ಟು, 'ಬಂದ ಎಲ್ಲ ಕೃತಿಗಳ ಹಕ್ಕು ಸಂಘಟಕರದ್ದು' ಎಂದು ಕರಪತ್ರದ ಕೆಳಗೆ ಒಂದು ಸಾಲು ಸೇರಿಸುತ್ತಾರೆ. ಕೃತಿಸ್ವಾಮ್ಯ ಅಷ್ಟು ಸುಲಭವಾಗಿ ಕೈಬದಲಾಗುವುದಿಲ್ಲ. 1957ರ ಕಾಯಿದೆಯಂತೆ ವರ್ಗಾವಣೆ ಬರಹದಲ್ಲಿರಬೇಕು, ಅದಕ್ಕೆ ಸಹಿ ಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ ಎಂಬುದು ಕಾಣಬೇಕು. ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ. ಚಿತ್ರ ದಾನ ಕೊಟ್ಟ ಮಾತ್ರಕ್ಕೆ ಅದನ್ನು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿ ಮಾರುವ ಹಕ್ಕು ಸಂಘಟಕರಿಗೆ ಬರುವುದಿಲ್ಲ, ಆ ಹಣವೂ ನಿಧಿಗೇ ಹೋಗುವುದಾದರೂ ಸಹ. ಹತ್ತನೆಯ ತರಗತಿಯ ಮಕ್ಕಳಿಂದ ಇಂಥ ಷರತ್ತಿಗೆ ಒಪ್ಪಿಗೆ ಪಡೆಯುವುದಂತೂ ತಪ್ಪು.

ಹಾಗಾದರೆ ನಿಧಿಗೆ ಹಣ ಎಲ್ಲಿಂದ? ಮಾಮೂಲಿ ಮಾರಾಟದಲ್ಲಿ ಗ್ಯಾಲರಿಗಳು ಸಾಮಾನ್ಯವಾಗಿ ಮೂವತ್ತರಿಂದ ಐವತ್ತು ಶೇಕಡಾ ಕಮಿಷನ್ ಹಿಡಿಯುತ್ತವೆ. ಸಹಾಯಾರ್ಥ ಪ್ರದರ್ಶನದಲ್ಲಿ ಆ ಪಾಲು ನಿಧಿಗೆ ಹೋಗಲಿ, ಉಳಿದದ್ದು ಕಲಾವಿದನಿಗೆ. ಅರ್ಧಕ್ಕರ್ಧ ಎಂದರೂ ಒಪ್ಪೋಣ, ಆದರೆ ಎಲ್ಲರಿಗೂ ಒಂದೇ ಕರಾರು, ಚಿತ್ರ ಒಪ್ಪಿಸುವ ಮೊದಲೇ ಬರಹದಲ್ಲಿ. ಅದರಲ್ಲಿ ಕೃತಿಯ ಅಳತೆ, ಮಾಧ್ಯಮ, ಈಗಿನ ಸ್ಥಿತಿಯ ಫೋಟೋ, ಇಳಿಸಬಾರದ ಕನಿಷ್ಠ ಬೆಲೆ, ಹಣ ಸಲ್ಲಿಸುವ ದಿನಾಂಕ ಇರಬೇಕು. ಕಾಞಂಗಾಡಿನ ಲಲಿತಕಲಾ ಅಕಾಡೆಮಿ ಗ್ಯಾಲರಿಯಲ್ಲಿ ತೂಗುಹಾಕಿದರೂ ಶಾಲೆಯ ಹಾಲಿನಲ್ಲಿ ತೂಗುಹಾಕಿದರೂ ಕರಾರು ಅದೇ ಇರಲಿ. ಮಾರಾಟವಾಗದ ಕೃತಿಯನ್ನು ಹದಿನೈದು ದಿನದೊಳಗೆ ಸಂಘಟಕರೇ ತಮ್ಮ ಖರ್ಚಿನಲ್ಲಿ ಹಿಂದಿರುಗಿಸಬೇಕು. ಅಕ್ರಿಲಿಕ್ ಕೃತಿಯಾದರೆ ಮೊದಲು ನಯವಾದ ಗ್ಲಾಸಿನ್ ಕಾಗದ, ಅದರ ಮೇಲೆ ಗುಳ್ಳೆಗಳು ಹೊರಮುಖವಾಗುವಂತೆ ಬಬಲ್ ಹಾಳೆ. ಗುಳ್ಳೆ ಒಳಮುಖವಾಗಿ ಸುತ್ತಿದರೆ ಏಪ್ರಿಲ್ ಬಿಸಿಲಿಗೆ ಮೆತ್ತಗಾದ ಬಣ್ಣದ ಮೇಲೆ ಸಾಲುಸಾಲು ಉಂಗುರದ ಗುರುತು ಬೀಳುತ್ತದೆ, ಅದನ್ನು ಅಳಿಸಲಾಗುವುದಿಲ್ಲ.